ಚೀಟಿಯ ಮೇಲಿನ ನೇರಳೆ ಸೀಲು

ಕೋವಿಡ್ ಅಲೆಗಳು ಮುಗಿದ ಮರುವರ್ಷ ನನ್ನನ್ನು ಕೆ.ಆರ್. ಪುರದಾಚೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರಬೇತುದಾರಳಾಗಿ ಹಾಕಿದರು. ಹುದ್ದೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಮನಸ್ಸಿನ ಕಾಯಿಲೆಗೆ ಮಾತ್ರೆ ಬರೆಯುವವರು ವೈದ್ಯರು. ರೋಗಿಯ ಮಾತು ಕೇಳಿ, ಅವರ ಮನೆ, ಕೆಲಸ, ಸಂಸಾರಕ್ಕೆ ಚಿಕಿತ್ಸೆಯನ್ನು ಹೊಂದಿಸುವವರು ನಾವು. ನನ್ನ ಕೈಕೆಳಗೆ ಎಂ.ಫಿಲ್ ಓದುತ್ತಿದ್ದ ಆರು ಮಂದಿ ಟ್ರೈನಿಗಳಿದ್ದರು. ಜ್ವರ, ಸಕ್ಕರೆ ಕಾಯಿಲೆ, ಬಾಣಂತಿಯರ ತಪಾಸಣೆ ನಡೆಯುವ ಕಟ್ಟಡದಲ್ಲೇ ಮನಸ್ಸಿನ ಕಾಯಿಲೆಯನ್ನೂ ಗುರುತಿಸಿ ನೋಡಿಕೊಳ್ಳುವುದನ್ನು ಅವರಿಗೆ ಕಲಿಸಬೇಕಿತ್ತು. ಇದಕ್ಕೆ ಇಂಟಿಗ್ರೇಟೆಡ್ ಕೇರ್ ಎಂಬ ದೊಡ್ಡ ಹೆಸರಿದೆ.

ಆ ಜಾಗ ನಗರದ ಗಡಿ. ನೀರು ಬರಲಿಲ್ಲವೆಂದು ಪಾಲಿಕೆಗೆ ಹೋದರೆ ಪಂಚಾಯಿತಿಗೆ ಹೋಗಿ ಅನ್ನುವರು. ಅಲ್ಲಿಗೆ ಹೋದರೆ ಪಾಲಿಕೆಗೆ ಹೋಗಿ ಅನ್ನುವರು. ತೆಲುಗು, ತಮಿಳು, ಉರ್ದು, ರಾಯಚೂರು ಕಡೆಯ ಕನ್ನಡ ಎಲ್ಲವೂ ಆಸ್ಪತ್ರೆಯ ಒಂದೇ ಸಾಲಿನಲ್ಲಿ ಕೇಳಿಸುತ್ತಿದ್ದವು. ಮನೋವೈದ್ಯರನ್ನು ಕಾಣಬೇಕೆಂದರೆ ಟಿನ್ ಫ್ಯಾಕ್ಟರಿ ಸ್ಟಾಪಿಗೆ ಬಂದು ಇನ್ನೊಂದು ಬಸ್ಸು ಹಿಡಿಯಬೇಕು, ಇಡೀ ದಿನದ ಕೆಲಸ ಬಿಡಬೇಕು. ಯಾರೂ ಹೋಗುತ್ತಿರಲಿಲ್ಲ.

ನನ್ನ ಬಗ್ಗೆಯೂ ಹೇಳಬೇಕು, ಏಕೆಂದರೆ ತಪ್ಪು ಅಲ್ಲಿಂದಲೇ ಹುಟ್ಟಿತು. ನಮ್ಮಪ್ಪ ಜೋಗುಪಾಳ್ಯದಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದರು. ನಮ್ಮ ಮನೆಯಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಪೋಸ್ಟಿಂಗ್ ಆದ ವಾರವೇ ಶಿವಾಜಿನಗರಕ್ಕೆ ಹೋಗಿ ಒಂದು ರಬ್ಬರ್ ಸೀಲು ಮಾಡಿಸಿದೆ. ಮೇಲೆ 'ಮಾನಸಿಕ ಆರೋಗ್ಯ ತರಬೇತಿ ವಿಭಾಗ', ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಡಿಗ್ರಿ. ನೇರಳೆ ಇಂಕು. ಅಪ್ಪ ಅದನ್ನು ಹಳೇ ಪೇಪರಿನ ಮೇಲೆ ಹತ್ತು ಸಲ ಒತ್ತಿ ನೋಡಿ, "ಇನ್ಮೇಲೆ ಯಾರೂ ನಿನ್ನ ಇಸ್ತ್ರಿಯೋನ ಮಗಳು ಅನ್ನಲ್ಲ ಬಿಡಮ್ಮ" ಎಂದರು.

ನಾಗವೇಣಿ ಎಂಬಾಕೆ ತಲೆನೋವೆಂದು ಮೂರು ಸಲ ಬಂದಿದ್ದರು. ಮೂರು ಸಲವೂ ಗ್ಯಾಸ್ಟ್ರಿಕ್ ಮಾತ್ರೆ ಸಿಕ್ಕಿತ್ತು. ಹತ್ತಿರದ ಅಪಾರ್ಟ್‌ಮೆಂಟ್ ಒಂದರ ಶಿಶುವಿಹಾರದಲ್ಲಿ ಅವರು ಆಯಾ. ನನ್ನ ಟ್ರೈನಿಗಳ ಪೈಕಿ ಶಿವಾಜಿನಗರದ ಫರ್ಹೀನ್ ಹಳೇ ಚೀಟಿಗಳನ್ನು ನೋಡಿ, 'ಮಾನಸಿಕ ಆರೋಗ್ಯ' ಎಂದು ಬೋರ್ಡ್ ಹಾಕಿದ್ದ ನಮ್ಮ ಕೋಣೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಮಾತಾಡಿಸಿದಳು. ಹಿಂದಿನ ವರ್ಷ ಹೆತ್ತ ಮಗು ವಾರವೂ ಉಳಿದಿರಲಿಲ್ಲ. ಆಮೇಲಿಂದ ದಿನವಿಡೀ ಬೇರೆಯವರ ಮಕ್ಕಳನ್ನು ತೂಗುವ ಕೆಲಸ. ನಿದ್ದೆಯಿಲ್ಲ. "ಒಂದೊಂದ್ಸಲ ಇರೋದೇ ಬೇಡ ಅನ್ಸತ್ತೆ" ಎಂದರು.

ವೈದ್ಯಾಧಿಕಾರಿ ಡಾ. ಸುಜಾತಾ ಫೋನಿನಲ್ಲಿ ಮನೋವೈದ್ಯರ ಸಲಹೆ ಪಡೆದು ಮಾತ್ರೆ ಶುರು ಮಾಡಿದರು. ನಾನು ಓಪಿಡಿ ಚೀಟಿಯ ಮೇಲೆ ಸೀಲು ಒತ್ತಿದೆ.

ಫರ್ಹೀನ್ ಮೆಲ್ಲಗೆ ಕೇಳಿದಳು: "ಮೇಡಂ, ಸೀಲ್ ಬೇಕಾ?"

"ನಮ್ಮ ಕೆಲಸಕ್ಕೆ ದಾಖಲೆ ಬೇಡ್ವೇನಮ್ಮ?" ಎಂದೆ.

ಬದುಕೇ ಬೇಡ ಎಂದವರನ್ನು ವಾರದೊಳಗೆ ಮತ್ತೆ ನೋಡಲೇಬೇಕು. ನಾಗವೇಣಿ ಬರಲಿಲ್ಲ. ಫೋನ್ ಸ್ವಿಚ್ ಆಫ್. ಎಂಟನೇ ದಿನ ಬೆಳಿಗ್ಗೆ ಫರ್ಹೀನ್‌ಳನ್ನು ಕರೆದುಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ನಾಗವೇಣಿಯೇ.

ಒಳಗೆ ಬನ್ನಿ ಅನ್ನಲಿಲ್ಲ. "ಆ ಚೀಟಿ ನಾವು ಯಾರ್ಗೆ ತೋರಿಸ್ತೀವಿ ಅಂತ ಗೊತ್ತಾ ನಿಮ್ಗೆ?" ಎಂದರು.

ಗೊತ್ತಿರಲಿಲ್ಲ.

"ಅರ್ಧ ದಿನ ರಜ ಬೇಕಂದ್ರೆ ಆಸ್ಪತ್ರೆ ಚೀಟಿ ತೋರಿಸ್ಬೇಕು. ಸೂಪರ್‌ವೈಸರ್ ನಿಮ್ಮ ಸೀಲನ್ನ ಜೋರಾಗಿ ಓದ್ದ, ಎಲ್ಲರ ಮುಂದೆ. ಮಕ್ಳನ್ನ ನೋಡ್ಕೊಳ್ಳೋ ಕೆಲ್ಸ, ಮೆಂಟಲ್ ಕೇಸೆಲ್ಲ ಇಟ್ಕೊಳ್ಳಕ್ಕಾಗಲ್ಲ, ನಾಳೆಯಿಂದ ಬರ್ಬೇಡ ಅಂದ. ಮನೆಗೆ ಬಂದು ಮಾತ್ರೆ ಮೋರಿಗೆ ಹಾಕ್ದೆ."

"ನಾನು ಹೋಗಿ ಅವರ ಹತ್ರ ಮಾತಾಡ್ಲಾ?"

"ಬೇಡ. ಈಗ ಒಂದು ಶಿಫ್ಟ್‌ನೋರಿಗೆ ಗೊತ್ತು. ನೀವು ಹೋದ್ರೆ ಇಡೀ ಅಪಾರ್ಟ್‌ಮೆಂಟ್‌ಗೆ ಗೊತ್ತಾಗತ್ತೆ."

"ತಪ್ಪು ನಂದು" ಎಂದೆ.

"ತಪ್ಪು ಅಂದ್ಬಿಟ್ರೆ ಕೆಲ್ಸ ವಾಪಸ್ ಬರತ್ತಾ ಮೇಡಂ?"

ಫರ್ಹೀನ್ ಹೊಸ್ತಿಲ ಹೊರಗೆ ನೆಲದ ಮೇಲೇ ಕೂತಳು. "ಅಕ್ಕಾ, ಸೀಲೂ ಬೇಡ, ಏನೂ ಬೇಡ. ಹೆಂಗ್ ಬರ್ತೀರ ಹೇಳಿ, ಹಂಗೇ ಮಾಡೋಣ."

ನಾಗವೇಣಿ ಬಾಗಿಲನ್ನು ಇನ್ನಷ್ಟು ತೆರೆದರು. "ಬಿಪಿ ನೋಡೋ ಸಾಲಲ್ಲಿ ನಿಲ್ತೀನಿ. ಎಲ್ಲಾರೂ ನಿಲ್ತಾರೆ. ಆ ಬೋರ್ಡ್ ಹಾಕಿರೋ ರೂಮಿಗೆ ಮಾತ್ರ ಕಾಲಿಡಲ್ಲ."

ಸಾಯುವ ಯೋಚನೆ ಈಗಲೂ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಬರುತ್ತದೆ, ಆದರೆ ಏನೂ ಮಾಡಿಕೊಳ್ಳುವುದಿಲ್ಲ ಎಂದರು. ಅವರ ಒಪ್ಪಿಗೆ ಪಡೆದು, ಪಕ್ಕದ ಮನೆಯಲ್ಲಿದ್ದ ಅವರ ಅಕ್ಕನಿಗೆ ತಿಳಿಸಿ ಹೊರಟೆವು.

ಮರುದಿನ ಬೋರ್ಡ್ ಇಳಿಸಿದೆ. ಬಿಪಿ ನೋಡುವ ಮೇಜನ್ನು ಔಷಧಿ ಬೀರುವಿನ ಮರೆಗೆ ಸರಿಸಿ, ಒಬ್ಬೊಬ್ಬರೇ ಬರುವಂತೆ ಮಾಡಿದೆ. ಬಿಪಿ ನೋಡುವುದನ್ನು ಟ್ರೈನಿಗಳಿಗೆ ಕಲಿಸಲು ನರ್ಸಮ್ಮನನ್ನು ಕೇಳಿಕೊಂಡೆ. ಟ್ರೈನಿಗಳಲ್ಲಿ ಬಸವರಾಜ ಎಂಬ ಹುಡುಗನಿಗೆ ಸಿಟ್ಟು ಬಂತು. "ಎಂ.ಫಿಲ್ ಮಾಡ್ತಿರೋದು ಬಿಪಿ ನೋಡಕ್ಕಾ ಮೇಡಂ?"

"ನಾನೂ ಸೀಲ್ ಒತ್ತಕ್ಕೆ ಓದಿಲ್ಲ ಕಣಪ್ಪ. ಕೂತ್ಕೊಂಡು ಕಲಿ."

ಎರಡು ದಿನ ಬಿಟ್ಟು ನಾಗವೇಣಿ ಆ ಸಾಲಿನಲ್ಲಿ ಬಂದರು. ಫರ್ಹೀನ್ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಇಳಿಯುವವರೆಗೆ ಕಾದು, "ಬಿಪಿ ಸರಿ ಇದೆ ಅಕ್ಕಾ. ನಿದ್ದೆ?" ಎಂದು ಕೇಳಿದಳು. ಮತ್ತೆ ಮಾತ್ರೆ ಶುರುವಾಯಿತು. ಚೀಟಿ ಸೀಲಿಲ್ಲದೆ ಬೋಳಾಗಿಯೇ ಹೋಯಿತು.

ಪ್ರಗತಿ ಪರಿಶೀಲನಾ ಸಭೆಯಲ್ಲಿ ಮೇಲಧಿಕಾರಿಯೊಬ್ಬರು ಬೋಳು ಚೀಟಿಗಳ ವಿಷಯ ಎತ್ತಿದರು; ವಿಭಾಗದ ಸೀಲಿರುವ ಚೀಟಿಯನ್ನಷ್ಟೇ ಎಣಿಸುವುದು ಕಚೇರಿಯ ನಿಯಮ. "ಸೀಲಿಲ್ಲದ ಚೀಟಿ ಲೆಕ್ಕಕ್ಕೆ ಬರಲ್ಲ. ನೀವು ಏನೂ ಮಾಡೇ ಇಲ್ಲ ಅಂತಾಗತ್ತೆ."

"ಬೀಗ ಹಾಕಿದ ಡ್ರಾಯರ್‌ನಲ್ಲಿ ರಿಜಿಸ್ಟರ್ ಇದೆ ಸರ್. ಹೆಸರಿಲ್ಲ, ನಂಬರ್ ಇದೆ. ಬಂದು ನೋಡಿ."

"ನಿಯಮ ಅಂದ್ರೆ ನಿಯಮ. ಈ ಟ್ರೈನಿಂಗ್ ಸೆಂಟರೇ ರದ್ದಾಗಬಹುದು."

"ರದ್ದು ಮಾಡಿ ಸರ್. ಸೀಲ್ ಮಾತ್ರ ಒತ್ತಲ್ಲ."

"ಇಷ್ಟು ಓದಿದೀರಾ, ಇಷ್ಟೂ ಅರ್ಥ ಆಗಲ್ವಾ?"

"ಓದಿದ್ದಕ್ಕೇ ಇಲ್ಲಿ ನಿಂತು ಹೇಳ್ತಿದೀನಿ ಸರ್. ಓದ್ದೇ ಇದ್ದಿದ್ರೆ ಆ ಚೀಟಿ ಹಿಡ್ಕೊಂಡು ಯಾವ್ದೋ ಅಪಾರ್ಟ್‌ಮೆಂಟ್ ಗೇಟಲ್ಲಿ ನಿಂತಿರ್ತಿದ್ದೆ."

ವಿವರಣೆ ಕೇಳಿ ನೋಟಿಸ್ ಬಂತು. ಒಂದೇ ಪುಟದ ಉತ್ತರ ಬರೆದೆ, ಕೆಳಗೆ ಡಾ. ಸುಜಾತಾ ತಾವಾಗಿಯೇ ಸಹಿ ಹಾಕಿದರು. ಸೆಂಟರ್ ಉಳಿಯಿತು. ನನ್ನ ಆ ವರ್ಷದ ವರದಿಯಲ್ಲಿ 'ಹೊಂದಾಣಿಕೆಯ ಸ್ವಭಾವವಿಲ್ಲ' ಎಂದು ಬರೆದರು. ಅದನ್ನು ಅಳಿಸಿ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಸೀಲು ಈಗ ಅಪ್ಪನ ಹತ್ತಿರವಿದೆ. ಕಥೆಯೆಲ್ಲ ಕೇಳಿ ಅವರು, "ನಾನು ಇಸ್ತ್ರಿ ಮಾಡಿದ ಬಟ್ಟೆ ಮೇಲೆ ಯಾವತ್ತಾದ್ರೂ ನನ್ನ ಹೆಸರು ಬರೆದಿದ್ನಾ?" ಎಂದಷ್ಟೇ ಕೇಳಿದರು. ಈಗ ಪ್ರತಿ ಬ್ಯಾಚಿನ ಮೊದಲ ಪಾಠ ಬಿಪಿ ನೋಡುವುದು. ನಾವು ಕೊಡುವ ಕಾಗದವನ್ನು ಜನ ಎಲ್ಲಿಗೆ ಒಯ್ಯುತ್ತಾರೆ, ಯಾರ ಮುಂದೆ ಬಿಡಿಸುತ್ತಾರೆ ಎಂದು ತಿಳಿಯದೆ ಅದರ ಮೇಲೆ ಒಂದಕ್ಷರವನ್ನೂ ಬರೆಯಬಾರದೆಂದು ಈ ಕೆಲಸ ನನಗೆ ಕಲಿಸಿತು.

ನಾಗವೇಣಿಗೆ ಆ ಕೆಲಸ ವಾಪಸ್ ಸಿಗಲಿಲ್ಲ. ಆರು ತಿಂಗಳ ಮೇಲೆ ಬೇರೊಂದು ಶಿಶುವಿಹಾರದಲ್ಲಿ ಅವರೇ ಕೆಲಸ ಹುಡುಕಿಕೊಂಡರು. ಮಾತ್ರೆ ನಿಲ್ಲಿಸುವ ದಿನ ಬಂದಾಗ ಜೊತೆಯಲ್ಲಿ ಒಬ್ಬ ಹೆಂಗಸನ್ನು ಕರೆತಂದಿದ್ದರು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು. ನಾಗವೇಣಿ ಆಕೆಯನ್ನು ಸಾಲಿನ ಮುಂದಕ್ಕೆ ತಳ್ಳುತ್ತಾ, ಎಲ್ಲರಿಗೂ ಕೇಳುವಂತೆ ಹೇಳಿದರು: "ಇವ್ಳಿಗೂ ಬಿಪಿ ನೋಡಿ ಮೇಡಂ. ಸ್ವಲ್ಪ ನಿಧಾನ್ವಾಗಿ ನೋಡಿ."