ವಯರಿಂಗ್ ಕಾಕ ಮತ್ತು ಮೊಳದುದ್ದದ ಜೀಪು

ಅವರ ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಸರಿಯಾಗಿ ಒಂದು ವಯರಿನಷ್ಟು ಸಂದು ಇತ್ತು. ವಯರನ್ನು ಆ ಸಂದಿಗೆ ಸಿಕ್ಕಿಸಿ ಕತ್ತನ್ನು ಒಮ್ಮೆ ಎಡಕ್ಕೆ ಕೊಡವಿದರೆ ತಾಮ್ರ ಕೈಯಲ್ಲಿ, ಸಿಪ್ಪೆ ಬಾಯಲ್ಲಿ. ಸಿಪ್ಪೆಯನ್ನು ಕೂತಲ್ಲಿಂದಲೇ ಮೂರಡಿ ದೂರದ ಗ್ರೀಸ್ ಡಬ್ಬಕ್ಕೆ ಉಗುಳುತ್ತಿದ್ದರು. ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ. ವಯರಿನ ಗುಣವನ್ನೂ ಬಾಯಿಯೇ ಹೇಳುತ್ತಿತ್ತು. "ಇದು ಕಹಿ ಉಂಟು, ಎರಡು ಮಳೆಗಾಲ ಬಾಳುವುದಿಲ್ಲ" ಎಂದು ಗಿರಾಕಿ ತಂದ ಹೊಸ ಸುರುಳಿಯನ್ನೇ ವಾಪಸ್ ಕೊಟ್ಟದ್ದುಂಟು. ಹಲ್ಲಿನ ಡಾಕ್ಟರೊಬ್ಬರು ಆ ಸಂದನ್ನು ಮುಚ್ಚಿಕೊಡುತ್ತೇನೆ ಎಂದಾಗ, "ಮತ್ತೆ ನಾನು ಕೆಲಸ ಮಾಡುವುದು ಎಂಥದ್ದರಲ್ಲಿ?" ಎಂದು ಕೇಳಿ ಕುರ್ಚಿಯಿಂದ ಎದ್ದು ಬಂದರಂತೆ.

ಬಿ.ಸಿ.ರೋಡಿನಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಬಸ್ಸು, ಟೆಂಪೊ, ಜೀಪು, ರಿಕ್ಷಾ, ಹೀಗೆ ಲೈಟು ಹಾರ್ನು ಇರುವ ಯಾವುದೇ ಗಾಡಿಯ ವಯರಿಂಗ್ ಕೆಲಸ. ಊರಿಗೆಲ್ಲ ಅವರು ವಯರಿಂಗ್ ಕಾಕ. ನಾನು ವೇಣೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು. ದಿನಾ ಸಂಜೆ ಬಸ್ಸಿಳಿದು ಮನೆಗೆ ಹೋಗುವ ದಾರಿ ಅವರ ಅಂಗಡಿಯ ಎದುರಿನದ್ದೇ. ಎಲ್ಲರ ಜೊತೆ ತುಳುವಿನಲ್ಲಿ ಸರಸರ ಮಾತನಾಡುವ ಮನುಷ್ಯ, ನಾನು ಮಾಷ್ಟ್ರು ಎಂದು ಗೊತ್ತಾದ ದಿನದಿಂದ ನನ್ನ ಜೊತೆ ಮಾತ್ರ ಕನ್ನಡಕ್ಕೆ ತಿರುಗಿದರು. ಅದೂ ನಿಧಾನವಾಗಿ, ಒಂದೊಂದೇ ಪದವನ್ನು ಕೆಳಗಿಟ್ಟು. ನಾನು ತುಳುವಿನಲ್ಲಿ ಕೇಳಿದರೂ ಉತ್ತರ ಕನ್ನಡದಲ್ಲೇ ಬರುತ್ತಿತ್ತು.

ಅವರ ಕೆಲಸದ ಮೂಲಮಂತ್ರ ಒಂದೇ. ಬಲ್ಬಿಗೆ ಒಂದು ವಯರ್ ಸಾಕು. ಹೋದ ಕರೆಂಟು ವಾಪಸ್ ಬ್ಯಾಟರಿಗೆ ಬರಲಿಕ್ಕೆ ಗಾಡಿಯ ಕಬ್ಬಿಣದ ಬಾಡಿಯೇ ಉಂಟು. ಬಲ್ಬಿನ ಕಪ್ಪು ತುದಿಯನ್ನು ಬಾಡಿಗೆ ಒಂದು ಸ್ಕ್ರೂ ಹಾಕಿ ಬಿಗಿದರೆ ಮುಗಿಯಿತು. ಇದಕ್ಕೆ ಅವರು "ಬಾಡಿ ಅರ್ತ್" ಎನ್ನುತ್ತಿದ್ದರು. ದೇಶದ ಎಲ್ಲ ಗಾಡಿಗಳೂ ಹಾಗೆಯೇ ಓಡುವುದು. ಯಾವ ಗಾಡಿ ಬಂದರೂ ಮೊದಲು ಅದರ ಬಾಡಿಗೆ ಅಂಗೈಯಿಂದ ಎರಡು ಪೆಟ್ಟು ಕೊಟ್ಟು, "ಇದು ಸರಿ ಇದ್ದರೆ ಎಲ್ಲ ಸರಿ" ಎಂದೇ ಕೆಲಸ ಶುರು.

ಈಗ ನನ್ನ ಮರ್ಯಾದೆಯ ವಿಷಯ. ನಲವತ್ತೆಂಟನೆಯ ವಯಸ್ಸಿನಲ್ಲಿ ನಾನೊಂದು ರಿಮೋಟ್ ಜೀಪು ತರಿಸಿಕೊಂಡೆ. ಕ್ರಾಲರ್ ಎನ್ನುತ್ತಾರೆ, ಓಡುವುದಿಲ್ಲ, ಬಂಡೆಗಳ ಮೇಲೆ ಆಮೆಯ ಹಾಗೆ ಹತ್ತುತ್ತದೆ. ಮೊಳದುದ್ದ, ಥಳಥಳ ಬೆಳ್ಳಿ ಬಣ್ಣ, ನಿಜವಾದ ಜೀಪಿನದ್ದೇ ಮುಖ. ಹೆಂಡತಿಗೆ, "ಶಾಲೆಯ ಪ್ರಯೋಗಕ್ಕೆ" ಎಂದೆ. ಅವಳು, "ಯಾವ ಪಾಠಕ್ಕೆ?" ಎಂದು ಕೇಳಿದಳು. ನಾನು ಸ್ನಾನಕ್ಕೆ ಹೋದೆ. ಬೇಸಿಗೆಯಲ್ಲಿ ನೇತ್ರಾವತಿಯ ಬಂಡೆಗಳೆಲ್ಲ ಎದ್ದು ನಿಲ್ಲುತ್ತವಲ್ಲ, ಅಲ್ಲಿ ಓಡಿಸುವ ಆಸೆ. ಹಗಲು ಹೋದರೆ ಶಿಷ್ಯರ ಅಪ್ಪಂದಿರು ಸಿಗುತ್ತಾರೆ. ಆದ್ದರಿಂದ ಮುಸ್ಸಂಜೆಗೆ ಕದ್ದು ಹೋಗುತ್ತಿದ್ದೆ. ಮುಸ್ಸಂಜೆಗೆ ಗಾಡಿ ಕಾಣುವುದಿಲ್ಲ, ಲೈಟು ಬೇಕು. ಕಾಣದೆ ಎರಡು ಬಂಡೆಗಳ ನಡುವೆ ಸಿಕ್ಕಿಬಿದ್ದಾಗ ಪ್ಯಾಂಟು ಒದ್ದೆ ಮಾಡಿಕೊಂಡು ಎತ್ತಿ ತರಬೇಕು. ಅದಕ್ಕೆ ವಿಂಚ್ ಬೇಕು. ಮುಂದಿನ ಬಂಪರಿನಲ್ಲಿ ಹಗ್ಗದ ಸುರುಳಿ ಇರುವ ಸಣ್ಣ ಯಂತ್ರ ಅದು. ಕೊಕ್ಕೆಯನ್ನು ಎಲ್ಲಿಗಾದರೂ ಸಿಕ್ಕಿಸಿದರೆ ಹಗ್ಗ ಸುತ್ತಿಕೊಳ್ಳುತ್ತ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಎರಡನ್ನೂ ತರಿಸಿದೆ. ಇಪ್ಪತ್ತೆರಡು ವರ್ಷ ವಿದ್ಯುತ್ತಿನ ಪಾಠ ಮಾಡಿದವನಲ್ಲವೇ ಎಂದು ನಾನೇ ಜೋಡಿಸಲು ಕೂತು, ಮೊದಲ ಹತ್ತು ನಿಮಿಷದಲ್ಲಿ ಎರಡು ಲೈಟು ಸುಟ್ಟೆ.

ಬೇಸಿಗೆ ರಜೆಯ ಒಂದು ಬೆಳಿಗ್ಗೆ ಅದನ್ನು ಬಟ್ಟೆಯ ಚೀಲದಲ್ಲಿ ಅಡಗಿಸಿಕೊಂಡು ಕಾಕನ ಅಂಗಡಿಗೆ ಹೋದೆ. ಹೊರಗೆ ಒಂದು ಟೆಂಪೊ, ಒಂದು ಬಸ್ಸು ಕಾಯುತ್ತಿದ್ದವು. ಚೀಲ ಬಿಚ್ಚಿದ್ದೇ ತಡ, ಟೆಂಪೊದವನು ಕಿಸಕ್ಕನೆ ನಕ್ಕ. ಕಾಕ ನಗಲಿಲ್ಲ. ಕನ್ನಡಕ ಏರಿಸಿ ಸುತ್ತಲೂ ನೋಡಿದರು, ಅಡಿ ನೋಡಿದರು, ಬಾನೆಟ್ ಎತ್ತಿ ನೋಡಿದರು. ಇಷ್ಟು ಸಣ್ಣದಕ್ಕೆ ಪೆಟ್ಟು ಮಾತ್ರ ಕೊಡಲಿಲ್ಲ.

"ಡೀಸೆಲ್ಲಾ, ಪೆಟ್ರೋಲಾ?" ಎಂದರು.

"ಬ್ಯಾಟರಿ, ಕಾಕ."

"ಆರ್‌ಟಿಒ ಪಾಸಿಂಗ್ ಎಷ್ಟು ಜನಕ್ಕೆ?"

ಟೆಂಪೊದವನು ಈಗ ಹೊಟ್ಟೆ ಹಿಡಿದುಕೊಂಡಿದ್ದ. ಕಾಕ ಅವನ ಕಡೆ ತಿರುಗಿ ಹೇಳಿದರು: "ನಗಬೇಡ ಮಾರಾಯ. ಗಾಡಿ ಸಣ್ಣದು ಅಂತ ಕರೆಂಟಿಗೆ ಗೊತ್ತುಂಟಾ?" ಆಮೇಲೆ ನನ್ನ ಜೀಪನ್ನು ತೆಗೆದುಕೊಂಡು ಹೋಗಿ ಬಸ್ಸಿನ ಹಿಂದೆ, ನೆಲದ ಮೇಲೆ, ಸರದಿಯಲ್ಲಿ ನಿಲ್ಲಿಸಿದರು. ಒಂದೂವರೆ ಗಂಟೆ ಅದು ಅಲ್ಲಿ ನಿಂತಿತ್ತು. ನಾನೂ ಅದರ ಪಕ್ಕದಲ್ಲಿ ನಿಂತಿದ್ದೆ. ಬಸ್‌ಸ್ಟ್ಯಾಂಡಿಗೆ ಹೋಗುವವರೆಲ್ಲ ನೋಡಿಕೊಂಡೇ ಹೋದರು.

ಈ ಕೆಲಸ ಅವರಿಗೆ ಎಷ್ಟು ದೊಡ್ಡದು ಎಂದು ತಿಳಿಯಲು ಅವರ ಮನೆಯ ಕಟ್ಟುಪಾಡು ಗೊತ್ತಿರಬೇಕು. ಅವರಿಗೆ ಆಗ ಎಪ್ಪತ್ತರ ಹತ್ತಿರ. ಕಣ್ಣಿಗೆ ಆಪರೇಷನ್ ಆಗಿತ್ತು, ಕೈ ಸ್ವಲ್ಪ ನಡುಗುತ್ತಿತ್ತು. ಹಿಂದಿನ ವರ್ಷ ಬಸ್ಸಿನ ಅಡಿಗೆ ಹೋದವರು ಸೊಂಟ ಹಿಡಿದು ಅಲ್ಲೇ ಉಳಿದಿದ್ದರು; ಬಸ್ಸು ಹೊರಡುವ ಸಮಯವಾಗಿತ್ತೆಂದು ಕಂಡಕ್ಟರು ಎರಡೂ ಕಾಲು ಹಿಡಿದು ಎಳೆದು ತೆಗೆದಿದ್ದ. ಅಂಗಡಿ ಮುಚ್ಚಿ ಮನೆಯಲ್ಲಿ ಕೂರಿ ಎಂದು ಅವರ ಹೆಂಡತಿ ಅವತ್ತಿನಿಂದ ಹಟ ಹಿಡಿದರು. ಕೊನೆಗೆ, ಮಧ್ಯಾಹ್ನ ಊಟದ ಕ್ಯಾರಿಯರ್ ತಂದಾಗ, ಗಿರಾಕಿಗಳೆಲ್ಲರ ಎದುರೇ ತೀರ್ಮಾನ ಹೇಳಿದರು: "ಒಂದೇ ಒಂದು ಕೆಲಸ ನಿಮ್ಮ ಕೈಯಲ್ಲಿ ಆಗದೆ ವಾಪಸ್ ಹೋದರೆ, ಅದೇ ದಿನ ಬೀಗ. ಮತ್ತೆ ಮಾತಿಲ್ಲ." ಕಾಕ ಜಂಬದಿಂದ ಒಪ್ಪಿದರು. ಅಂಗಡಿ ತೆರೆದಂದಿನಿಂದ ಒಂದು ಗಾಡಿಯೂ ವಾಪಸ್ ಹೋದದ್ದಿಲ್ಲ. ಒಪ್ಪಿದ ಮೇಲೆ ಮಾತ್ರ ಸ್ವಲ್ಪ ಹುಷಾರಾದರು. ಎಲ್ಲಿಯಾದರೂ ಸಂಶಯದ ಕೆಲಸ ಬಂದರೆ, "ಇದು ಕಂಪೆನಿಯವರು ನೋಡುವಂಥದ್ದು. ನಾನು ಕೈಯೇ ಹಾಕಲಿಲ್ಲ, ಹೌದಲ್ಲ?" ಎಂದು ನಾಲ್ಕು ಜನರ ಸಾಕ್ಷಿ ಮಾಡಿ ಕಳಿಸುತ್ತಿದ್ದರು.

ನನ್ನ ಜೀಪಿಗೆ ಅವರು ಕೈ ಹಾಕಿದರು. ಆಸೆಯಿಂದಲೇ ಹಾಕಿದರು. ಕೂದಲೆಳೆಯಂಥ ಅದರ ವಯರು ಹಲ್ಲಿನ ಸಂದಿಗೆ ಸಿಗದೆ ಜಾರಿಹೋಗುತ್ತಿತ್ತು. ಬ್ಲೇಡಿನಿಂದ ಕೆರೆದು ಸಿಪ್ಪೆ ತೆಗೆದರು. ಕೈ ನಡುಗಬಾರದೆಂದು ಮೊಣಕೈಗಳನ್ನು ಮೇಜಿಗೆ ಒತ್ತಿ, ಉಸಿರು ಹಿಡಿದು ಬೆಸುಗೆ ಹಾಕಿದರು. ಮುಂದೆ ಎರಡು ಲೈಟು, ಮೇಲೆ ನಾಲ್ಕು, ಹಿಂದೆ ಎರಡು ಕೆಂಪು. ಒಂದೊಂದರ ಕಪ್ಪು ತುದಿಯನ್ನೂ ಬೆಳ್ಳಿ ಬಣ್ಣದ ಬಾಡಿಗೆ ಚಿಟಿಕೆ ಗಾತ್ರದ ಸ್ಕ್ರೂ ಹಾಕಿ ಬಿಗಿದರು. ಬ್ಯಾಟರಿಯ ಕಪ್ಪು ವಯರನ್ನೂ ಬಾಡಿಗೇ ಬಿಗಿದರು. ಸ್ವಿಚ್ ಹಾಕಿದರು.

ಒಂದೂ ಹತ್ತಲಿಲ್ಲ.

"ಬೆಸುಗೆ ಹಿಡಿಯಲಿಲ್ಲ" ಎಂದು ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿದರು. ಹತ್ತಲಿಲ್ಲ. ಟೆಸ್ಟ್ ಲ್ಯಾಂಪ್ ತೆಗೆದು ನೋಡಿದರು. ಅದರ ಕ್ಲಿಪ್ಪನ್ನೂ ಅಭ್ಯಾಸಬಲದಿಂದ ಬಾಡಿಯ ಸ್ಕ್ರೂಗೇ ಸಿಕ್ಕಿಸಿದ್ದರಿಂದ ಅದೂ ಹತ್ತಲಿಲ್ಲ. ನಾನು ಪಕ್ಕದಲ್ಲೇ ಕೂತು, ವಿದ್ಯುತ್ ಮಂಡಲ ಎಲ್ಲೋ ತುಂಡಾಗಿರಬೇಕು, ವೋಲ್ಟೇಜು ಇಳಿದಿರಬೇಕು ಎಂದು ಪಠ್ಯಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಹೇಳುತ್ತಿದ್ದೆ. ಅವರು ಗೌರವದಿಂದ ಕೇಳುತ್ತಿದ್ದರು. ಮಧ್ಯಾಹ್ನ ಕಾಕನ ಹೆಂಡತಿ ಕ್ಯಾರಿಯರ್ ತಂದು ಇಟ್ಟು, ಮೇಜಿನ ಮೇಲಿದ್ದದ್ದನ್ನು ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ ಹೋದರು.

ಎರಡನೆಯ ದಿನವೂ ಅದೇ ಕತೆ. ಮೂರನೆಯ ದಿನ ನಾನು ಹೋಗುವಾಗ ಕಾಕ ಮೇಜಿನ ಎದುರು ಸುಮ್ಮನೆ ಕೂತಿದ್ದರು. ಓಣಿಯಲ್ಲಿ ಒಂದು ರಿಕ್ಷಾ ಹಾರ್ನು ಕೆಟ್ಟು ಕಾಯುತ್ತಿತ್ತು, ಅದನ್ನೂ ಮುಟ್ಟಿರಲಿಲ್ಲ. ನನ್ನ ಒಂದು ಹುಚ್ಚಿಗೆ ಈ ಮನುಷ್ಯನ ಅಂಗಡಿ ಹೋಗುತ್ತದಲ್ಲ ಎನಿಸಿತು. "ಕಾಕ, ಲೈಟು ಬೇಡವೇ ಬೇಡ, ನಾನು ಹಗಲೇ ಓಡಿಸುತ್ತೇನೆ" ಎಂದೆ. ಅಷ್ಟೊತ್ತಿಗೆ ಅವರ ಹೆಂಡತಿ ಕ್ಯಾರಿಯರ್ ಹಿಡಿದು ಬಂದರು.

ಕಾಕ ಜೀಪನ್ನು ನನ್ನ ಕಡೆ ತಳ್ಳಿದರು. "ತೆಗೆದುಕೊಂಡು ಹೋಗಿ ಮಾಷ್ಟ್ರೇ. ಗಾಡಿ ಸರಿ ಉಂಟು. ನನ್ನ ಕೈ ಹೋಯಿತು." ಅಂಗಡಿಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ಕ್ಯಾರಿಯರಿನ ಮುಚ್ಚಳದ ಮೇಲೆ ಇಟ್ಟರು. ರಿಕ್ಷಾದವನು ಸಹ ಇಳಿದು ನಿಂತ.

ಅವರ ಹೆಂಡತಿ ಬೀಗದ ಕೈ ನೋಡಿದರು, ಗಂಡನನ್ನು ನೋಡಿದರು. ಆಮೇಲೆ ಉಗುರಿನಿಂದ ಜೀಪಿನ ಬಾಡಿಗೆ ಟೊಕ್ ಟೊಕ್ ಎಂದು ಬಡಿದರು.

"ಇದು ಎಂಥದ್ದು?"

"ಬಾಡಿ" ಎಂದರು ಕಾಕ, ತಲೆ ಎತ್ತದೆ.

"ಎಂಥದ್ದರ ಬಾಡಿ ಅಂತ ಕೇಳಿದ್ದು. ಇದು ನಮ್ಮ ಬಚ್ಚಲಿನ ಬಾಲ್ದಿಯದ್ದೇ ಪ್ಲಾಸ್ಟಿಕ್ ಅಲ್ವಾ? ಇದರಲ್ಲಿ ನಿಮ್ಮ ಕರೆಂಟು ವಾಪಸ್ ಬರುವುದು ಹೇಗೆ?"

ಕಾಕ ಅಂಗೈಯಿಂದ ಬಾಡಿಗೆ ಎರಡು ಪೆಟ್ಟು ಕೊಟ್ಟು ಕಿವಿ ಕೊಟ್ಟರು. ಆಮೇಲೆ ಶುರುವಾಯಿತು ನೋಡಿ ನಗು. ಸ್ಟೂಲಿನಿಂದ ಬೀಳುವ ಹಾಗೆ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ನಿಂತ ಮೇಲೆ ನನ್ನ ಕಡೆ ತಿರುಗಿದರು.

"ಮಾಷ್ಟ್ರೇ, ನೀವು ವಿಜ್ಞಾನದವರಲ್ವಾ?"

"ಹೌದು ಕಾಕ."

"ಮಕ್ಕಳಿಗೆ ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ ಅಂತ ಪಾಠ ಉಂಟಲ್ವಾ?"

"ಉಂಟು. ಎಂಟನೇ ಕ್ಲಾಸಿಗೆ."

"ನೀವು ಎಷ್ಟನೇ ಕ್ಲಾಸಿನ ಮಾಷ್ಟ್ರು?"

"ಎಂಟು, ಒಂಬತ್ತು, ಹತ್ತು" ಎಂದೆ. ರಿಕ್ಷಾದವನು ಓಣಿಯ ಆಚೆಗೆ ಹೋಗಿ ನಕ್ಕು ಬಂದ.

ಎಂಟು ಲೈಟಿಗೂ ವಾಪಸ್ ಬರಲು ಒಂದೊಂದು ಕಪ್ಪು ವಯರು ಎಳೆದರು. ಅವರ ಬೆಸುಗೆಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಸ್ವಿಚ್ ಹಾಕಿದಾಗ ಎಂಟೂ ಒಟ್ಟಿಗೆ ಹತ್ತಿದವು, ಹಾಡಹಗಲಿನಲ್ಲೂ ಕಣ್ಣಿಗೆ ಹೊಡೆಯುವ ಹಾಗೆ. ವಿಂಚಿಗೆ ಎರಡು ದಪ್ಪ ವಯರು, ಬೇರೆಯೇ ಫ್ಯೂಸು. "ಎಳೆಯುವವನಿಗೆ ಹಸಿವು ಜಾಸ್ತಿ ಮಾಷ್ಟ್ರೇ" ಎಂದರು. ಪರೀಕ್ಷೆಗೆ ಅವರು ಆರಿಸಿದ್ದು ಓಣಿಗೆ ಆಗಷ್ಟೇ ಬಂದು ನಿಂತ ಮೂಡುಬಿದಿರೆಯ ಬಸ್ಸನ್ನು. ಅದರ ಬಂಪರಿಗೆ ಕೊಕ್ಕೆ ಸಿಕ್ಕಿಸಿ ರಿಮೋಟಿನ ಗುಂಡಿ ಒತ್ತಿದರು. ಜೀಪು ಗುರ್ರೆನ್ನುತ್ತ ಹಗ್ಗ ಸುತ್ತಿಕೊಂಡು ಬಸ್ಸಿನ ಹತ್ತಿರಕ್ಕೆ ತೆವಳಿತು. "ಡ್ರೈವರ್ ಹ್ಯಾಂಡ್‌ಬ್ರೇಕ್ ಹಾಕಿದ್ದಾನೆ, ಇಲ್ಲದಿದ್ದರೆ ಬಸ್ಸೇ ಬರುತ್ತಿತ್ತು" ಎಂದು ಕಾಕ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅವರ ಹೆಂಡತಿ ಬೀಗದ ಕೈಯನ್ನು ಎತ್ತಿ ಮೇಜಿನ ಮೊಳೆಗೆ ನೇತುಹಾಕಿ, "ಊಟ ಮಾಡಿ, ತಣಿಯುತ್ತದೆ" ಎಂದು ಹೇಳಿ ಹೋದರು.

ಆಮೇಲೆ ಮೂರು ವರ್ಷಕ್ಕಿಂತ ಹೆಚ್ಚು ಅಂಗಡಿ ನಡೆಯಿತು. ಆ ಜೀಪನ್ನು ನಾನು ಪ್ರತಿ ವರ್ಷ ಎಂಟನೇ ಕ್ಲಾಸಿಗೆ ತೆಗೆದುಕೊಂಡು ಹೋಗುತ್ತೇನೆ. ಕಪ್ಪು ವಯರು ತೆಗೆದು ತೋರಿಸಿ, ಹಾಕಿ ತೋರಿಸಿ, ನನ್ನ ದಡ್ಡತನವನ್ನೂ ಹೇಳುತ್ತೇನೆ. ಹೆಂಡತಿಗೆ ಹೇಳಿದ ಸುಳ್ಳು ಹಾಗೆ ನಿಜವಾಯಿತು. ಪುಸ್ತಕ ನೋಡಿ ಕಲಿಸಿದ ಅಷ್ಟೂ ವರ್ಷ ಮಕ್ಕಳಿಗೆ ಅರ್ಥವಾಗದ್ದು ಈಗ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಆ ಋಣ ಕಾಕನದ್ದು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಜ್ವರ ಬಂದು ನಾಲ್ಕು ದಿನ ಅಷ್ಟೇ. ಐದನೆಯ ದಿನಕ್ಕೆ ಒಂದು ಟೆಂಪೊಗೆ ಮಾತು ಕೊಟ್ಟಿದ್ದರಂತೆ. ಐದಾರು ತಿಂಗಳು ಕಳೆದ ಮೇಲೆ ನಾನೂ ಹೆಂಡತಿಯೂ ಅವರ ಮನೆಗೆ ಹೋದೆವು. ನಾನು ಹಳೆಯ ಬಾಲ್ದಿಯ ಕತೆ ತೆಗೆದೆ. ಕಾಕನ ಹೆಂಡತಿ ನಕ್ಕರು. ನಗು ಮುಗಿಸಿ, ಸೆರಗು ಸರಿ ಮಾಡಿಕೊಂಡು ಹೇಳಿದರು:

"ನನಗೆ ಮೊದಲನೇ ದಿನವೇ ಗೊತ್ತಾಗಿತ್ತು ಮಾಷ್ಟ್ರೇ. ಮೇಜಿನ ಮೇಲೆ ನೋಡಿದ ಕೂಡಲೇ. ಇವರ ಬಾಡಿ ಅರ್ತ್ ಅನ್ನುವುದನ್ನು ಮದುವೆಯಾದಂದಿನಿಂದ ಕೇಳಿದ್ದೇನೆ. ಬೀಗ ಬೀಳಲಿ, ಮನೆಯಲ್ಲಿ ಕೂರಲಿ ಅಂತ ಎರಡು ದಿನ ಬಾಯಿ ಮುಚ್ಚಿದೆ. ಮೂರನೇ ದಿನ ಬೆಳಿಗ್ಗೆ ಗಂಜಿಯ ಎದುರು ಕೂತು ಇವರು ಕೈಯನ್ನು ಹೀಗೆ ತಿರುಗಿಸಿ ತಿರುಗಿಸಿ ನೋಡ್ತಾ ಇದ್ದರು. ನನಗೆ ನೋಡ್ಲಿಕ್ಕೆ ಆಗಲಿಲ್ಲ."

ಆಮೇಲೆ ಅವರೇ ಕೇಳಿದರು, "ಆ ಗಾಡಿ ಈಗ ಎಲ್ಲಿ ಉಂಟು?"

ಚೀಲದಲ್ಲಿತ್ತು. ಯಾಕೆ ತಂದೆ ಎಂದು ನನಗೇ ಗೊತ್ತಿರಲಿಲ್ಲ. ಹೆಂಡತಿ ದಾರಿಯುದ್ದಕ್ಕೂ ಬೈದಿದ್ದಳು. ಅಂಗಳದಲ್ಲಿಟ್ಟು ಸ್ವಿಚ್ ಹಾಕಿದೆ. ಎಂಟೂ ಹತ್ತಿದವು. ಮೆಟ್ಟಿಲಿನ ಬುಡಕ್ಕೆ ಹೋಗಿ ಜೀಪು ಮೂತಿ ಎತ್ತಿ ನಿಂತಿತು, ಮೇಲೆ ಹತ್ತಲಿಲ್ಲ. ಅವರು ಮೆಲ್ಲಗೆ ಬಗ್ಗಿ ವಿಂಚಿನ ಕೊಕ್ಕೆಯನ್ನು ಎಳೆದು ಬೆರಳಿಗೆ ಸಿಕ್ಕಿಸಿಕೊಂಡು ಚಾವಡಿಯಲ್ಲಿ ಕೂತರು. "ಒತ್ತಿ" ಎಂದರು. ಗುಂಡಿ ಒತ್ತಿದೆ. ಹಗ್ಗ ಬಿಗಿಯಿತು, ಒಂದು ಮೆಟ್ಟಿಲು, ಎರಡು, ಮೂರು, ಜೀಪು ಅವರ ಪಾದದ ಹತ್ತಿರಕ್ಕೆ ಬಂದು ನಿಂತಿತು.

ಅವರು ಬಗ್ಗಿ ಒಂದು ಬೆಸುಗೆಯನ್ನು ಉಗುರಿನಿಂದ ಮುಟ್ಟಿ ನೋಡಿದರು.

"ಇವರ ಕೈ ಹೋಗಿರಲಿಲ್ಲ ಮಾಷ್ಟ್ರೇ" ಎಂದರು.