ತೆಪ್ಪದ ಮೇಲಿನ ಗೆರೆ

ಭಾನುವಾರ ಎಂದರೆ ನನಗೆ ಆಗುತ್ತಿರಲಿಲ್ಲ. ಉಳಿದ ದಿನ ನಾನೂ ನನ್ನ ಅಣ್ಣನೂ ಒಬ್ಬರ ಮುಖ ಒಬ್ಬರು ನೋಡದೆ ಕಳೆಯಬಹುದಿತ್ತು. ಅವನು ಹೊಲದಲ್ಲಿದ್ದರೆ ನಾನು ಮನೆಯಲ್ಲಿ, ನಾನು ಹಿರೇಕೆರೂರಿಗೆ ಹೋದರೆ ಅವನು ಮನೆಯಲ್ಲಿ. ಭಾನುವಾರ ಮಾತ್ರ ಇಬ್ಬರೂ ಒಂದೇ ಹಿತ್ತಲಿನಲ್ಲಿ. ನಾವು ಬೇರೆಯಾಗಿ ವರ್ಷದ ಮೇಲಾಗಿತ್ತು. ಮನೆಯ ನಡುವೆ ಗೋಡೆ ಎದ್ದಿತ್ತು, ಹಿತ್ತಲಿಗೆ ಎದ್ದಿರಲಿಲ್ಲ. ಹಿತ್ತಲ ಗೋಡೆಗೆ ಇಟ್ಟಿಗೆ ಯಾರು ತರಬೇಕು ಎಂಬ ಜಗಳದಲ್ಲೇ ನಾವು ಮಾತು ಬಿಟ್ಟಿದ್ದು.

ಮಾತು ಬಿಟ್ಟರೂ ಹೇಳುವುದು ಇದ್ದೇ ಇರುತ್ತದೆ. ಅದಕ್ಕೆ ನಮಗೆ ಒಂದು ಕೋಳಿ ಸಿಕ್ಕಿತ್ತು. ಕುತ್ತಿಗೆಯಲ್ಲಿ ಪುಕ್ಕವಿಲ್ಲದ ಕೋಳಿ, ನನ್ನದು. ಕಾಳು ತಿನ್ನುವುದು ನನ್ನ ಕಡೆ, ಮೊಟ್ಟೆ ಇಡುವುದು ಅಣ್ಣನ ಕಟ್ಟಿಗೆ ರಾಶಿಯಲ್ಲಿ. ಅವನು ನನಗೆ ಹೇಳಬೇಕಾದದ್ದನ್ನು ಅದಕ್ಕೆ ಹೇಳುತ್ತಿದ್ದ, ನಾನೂ ಅದಕ್ಕೇ ಉತ್ತರ ಕೊಡುತ್ತಿದ್ದೆ. ಊರಿನವರು ನಗುತ್ತಿದ್ದರು. ನಗಲಿ ಎಂದು ಸುಮ್ಮನಿದ್ದೆ.

ಆ ಭಾನುವಾರ ಬೆಳಿಗ್ಗೆ ಹೆಂಡತಿ ನನ್ನ ಕೈಗೆ ಕಸಬರಿಗೆ ಕೊಟ್ಟಳು. ಬಟ್ಟೆ ಒಗೆಯುವುದು ಅವಳಿಗೆ, ಕೋಳಿಗೂಡು ಗುಡಿಸುವುದು ನನಗೆ. ಗೂಡಿನೊಳಗೆ ಅರ್ಧ ತೂರಿ, ಹಿಕ್ಕೆ ಕೆರೆದು, ಹೇನು ಆಗದಂತೆ ಮೂಲೆ ಮೂಲೆಗೆ ಬೂದಿ ಎರಚಿದೆ. ಹೊರಗೆ ಬಂದರೆ ಅಣ್ಣ ತೆಪ್ಪದ ಹತ್ತಿರ ಒಲೆ ಹೂಡಿ ಡಾಂಬರು ಕಾಯಿಸುತ್ತಿದ್ದ.

"ಏ ಕೋಳಿ, ನಿಮ್ಮ ಮಾಲಕಗ ಹೇಳು. ಡಾಂಬರ ಕಾದೈತಿ, ತನ್ನ ಭಾಗಾ ತಾ ಬಳಕೊಳ್ಳಲಿ ಅಂತ."

"ಕೋಳಿ, ಅವಂಗ ಹೇಳು, ನನಗೂ ಕಣ್ಣು ಅದಾವು ಅಂತ."

ಹಿಸ್ಸೆಯಲ್ಲಿ ಪಾಲಾಗದೆ ಉಳಿದದ್ದು ಆ ತೆಪ್ಪ ಒಂದೇ. ಬಿದಿರು ಹೆಣೆದ ದುಂಡನೆಯ ಬುಟ್ಟಿ, ಕಡಿದರೆ ಇಬ್ಬರಿಗೂ ಇಲ್ಲ. ಒಂದು ದಿನ ಅವನು ಕೆರೆಗೆ ಬಲೆ ಹಾಕುವುದು, ಮರುದಿನ ನಾನು. ದುರಸ್ತಿ ಮಾತ್ರ ಅರ್ಧರ್ಧ. ಬೋರಲು ಹಾಕಿದ ತೆಪ್ಪದ ನಟ್ಟನಡುವೆ ಸುಣ್ಣದಲ್ಲಿ ಗೆರೆ ಎಳೆದಿದ್ದೆವು. ಗೊಬ್ಬರದ ಚೀಲವನ್ನು ಗೆರೆಯವರೆಗೆ ಹೊದಿಸಿ ಅದರ ಮೇಲೆ ಡಾಂಬರು ಬಳಿಯಬೇಕು. ಅಣ್ಣ ತನ್ನ ಚೀಲವನ್ನು ಗೆರೆಗೆ ಸರಿಯಾಗಿ ಕತ್ತರಿಸಿದ. ಹಟಕ್ಕೆ ಬಿದ್ದು ನಾನೂ ಹಾಗೇ ಕತ್ತರಿಸಿದೆ. ಒಂದರ ಮೇಲೊಂದು ಚೀಲ ಬರಲಿಲ್ಲ. ಬಿಸಿಲೇರುವ ಹೊತ್ತಿಗೆ ಕೆಲಸ ಮುಗಿಯಿತು. ಇಬ್ಬರೂ ಕೈಗೆ ಸೀಮೆಎಣ್ಣೆ ಹಚ್ಚಿ ತಿಕ್ಕಿಕೊಂಡು ಊಟಕ್ಕೆ ಹೋದೆವು, ಅವನು ಅವನ ಬಾಗಿಲಿಗೆ, ನಾನು ನನ್ನ ಬಾಗಿಲಿಗೆ.

ಸಂಜೆ ಕೋಳಿಗಳಿಗೆ ಗೋವಿನಜೋಳದ ನುಚ್ಚು ಹಾಕಲು ಬಂದವನು ಗೆರೆಯ ಮೇಲೆ ಬೆರಳು ಒತ್ತಿ ನೋಡಿದೆ. ಎರಡು ಚೀಲಗಳ ನಡುವೆ ಬಿದಿರು ಬೆರಳಿಗೆ ಸಿಕ್ಕಿತು. ಅಲ್ಲಿ ನೀರು ನುಗ್ಗುವುದು ಖಂಡಿತ. ಮರುದಿನದ ಸರದಿ ಅಣ್ಣನದು, ಅವನಿಗೆ ಈಜು ಬರುವುದಿಲ್ಲ. ಸಣ್ಣವರಿದ್ದಾಗ ನನ್ನನ್ನು ಕೆರೆಗೆ ನೂಕಿ ಈಜು ಕಲಿಸಿದವನೇ ಅವನು, ತಾನು ಮಾತ್ರ ಏರಿಯ ಮೇಲೆ ನಿಂತು ಬೈಯುತ್ತಿದ್ದ. ನನಗೆ ಭಯವಾಯಿತು. ಭಯವಾಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಉಳಿದ ಡಾಂಬರನ್ನು ಬಿಸಿ ಮಾಡಿ, ಒಂದು ಚೀಲದ ತುಂಡಿಟ್ಟು, ಗೆರೆ ದಾಟಿ ಅವನ ಭಾಗದೊಳಗೆ ಒಂದು ಗೇಣು ಬಳಿದೆ. ಕೈ ತೊಳೆಯುವಷ್ಟರಲ್ಲಿ ಅವನು ಬಂದು ನೋಡಿಬಿಟ್ಟ.

"ಕೋಳಿ, ಕೇಳು ಅವಂಗ. ನನ್ನ ಭಾಗದಾಗ ಯಾಕ ಕೈ ಹಾಕ್ಯಾನ? ನಾಳೆ ಅರ್ಧಕಿಂತ ಹೆಚ್ಚು ನಂದ ಐತಿ ಅನ್ನಾಕ?"

"ಸೋರತೈತಿ ಅಂತ ಹೇಳು ಅವಂಗ."

ಅವನು ಕುಡುಗೋಲು ತಂದ. ನನ್ನ ಕಣ್ಣೆದುರೇ ಆ ಗೇಣುದ್ದ ಡಾಂಬರನ್ನು, ಚೀಲದ ತುಂಡನ್ನು, ಗೆರೆಯವರೆಗೆ ಕೆರೆದು ಹಾಕಿದ. ಒಣಗಿದ ಬಟ್ಟೆ ತೆಗೆಯುತ್ತಿದ್ದ ನನ್ನ ಹೆಂಡತಿ, "ಒಳಗ ಬರ್ರಿ, ಅವರು ಮುಳುಗಿದ್ರ ಮುಳುಗ್ಲಿ" ಅಂದಳು. ಮುಳುಗಲಿ ಎಂದು ನಾನೂ ಅಂದೆ. ಗಟ್ಟಿಯಾಗಿಯೇ ಅಂದೆ, ಅವನಿಗೆ ಕೇಳಲಿ ಎಂದು.

ಸೋಮವಾರ ಬೆಳಗಾಗುವ ಮೊದಲೇ ನಾನು ಕೆರೆಯ ಏರಿಯ ಮೇಲೆ ಕೂತಿದ್ದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಅಂಗಿ ಬಿಚ್ಚಿ ಪಕ್ಕಕ್ಕಿಟ್ಟಿದ್ದೆ. ಅಣ್ಣ ನನ್ನನ್ನು ನೋಡಿದರೂ ನೋಡದವನಂತೆ ತೆಪ್ಪ ನೀರಿಗಿಳಿಸಿ ಹುಟ್ಟು ಹಾಕಿದ. ಅರ್ಧ ಕೆರೆ ಹೋಗಿರಬೇಕು, ಹುಟ್ಟು ಬಿಟ್ಟು ಡಬ್ಬಿ ಹಿಡಿದ. ನೀರು ಎತ್ತಿ ಚೆಲ್ಲುತ್ತ, ನಡುನಡುವೆ ಹುಟ್ಟು ಹಾಕುತ್ತ ದಡದ ಕಡೆ ತಿರುಗಿದ. ನಾನು ಎದೆಯುದ್ದ ನೀರಿಗಿಳಿದು ನಿಂತಿದ್ದೆ. ಕೈಗೆಟುಕುವಷ್ಟು ಹತ್ತಿರ ಬಂದಾಗ ತೆಪ್ಪದ ಅಂಚು ಹಿಡಿದು ದಡಕ್ಕೆ ಎಳೆದೆ.

ಅವನ ಧೋತರ ಸೊಂಟದವರೆಗೆ ತೊಯ್ದಿತ್ತು. ಮಾತಾಡಲು ಆಚೆ ಈಚೆ ನೋಡಿದ. ಅಲ್ಲಿ ಕೋಳಿ ಇರಲಿಲ್ಲ.

"ನಿನ್ನ ಭಾಗನ ಸೋರಾಕತ್ತೈತಿ" ಅಂದ. ವರ್ಷದ ಮೇಲೆ ನನ್ನ ಮುಖ ನೋಡಿ ಅವನು ಆಡಿದ ಮೊದಲ ಮಾತು ಅದು.

"ಕುಡಗೋಲ ತಗೊಂಡು ಕೆರದವ ಯಾರು?" ಅಂದೆ.

ನೀರು ಕುಡಿದ ತೆಪ್ಪ ಒಬ್ಬನಿಂದ ಏಳುವುದಿಲ್ಲ. ಅವನೊಂದು ಕಡೆ ಹಿಡಿದ, ನಾನೊಂದು ಕಡೆ ಹಿಡಿದೆ. ಮನೆ ಮುಟ್ಟುವವರೆಗೂ ಮುಖ ಮುಖ ನೋಡಿಕೊಂಡೇ ಬೈದಾಡಿದೆವು.