ತಪ್ಪಿಹೋದ ಹದಿನಾರು ಪುಟ

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುವ ಬೈಂಡರ್‌ನನ್ನು ಎಲ್ಲರೂ ಕರೆಯುವುದು ಗೋಂದಣ್ಣ ಎಂದೇ. ಇಪ್ಪತ್ತೆಂಟು ವರ್ಷದಲ್ಲಿ ಕೈಗೆ ಬಂದ ಕಥೆ-ಕಾದಂಬರಿಯನ್ನು ಓದದೆ ಅವನು ವಾಪಸ್ ಕಳಿಸಿದ್ದಿಲ್ಲ. ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನವೂ ಅವನದಲ್ಲ. ಆದರೆ ಹೇಳುವುದು ಯಾರಿಗೆ? ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಂಡು ಬರುವ ಹೆಂಡತಿಗೆ, ಅದೂ ಊಟದ ಹೊತ್ತಿಗೆ. ಅವಳು ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ.

ಮುಂದಿನ ಹಾಲಿನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಓದುಗರ ಕೂಟ. ಸದ್ಯ ಓದುತ್ತಿರುವ ಪುಸ್ತಕದ ಬಗ್ಗೆ ಒಬ್ಬೊಬ್ಬರೂ ಐದು ನಿಮಿಷ ಮಾತಾಡಬೇಕು. ಗೋಂದಣ್ಣ ಗೋಡೆಯಾಚೆ ಕೂತು ಹಲ್ಲು ಕಡಿಯುತ್ತಿದ್ದ. ಮುನ್ನುಡಿಯಷ್ಟೇ ಓದಿ ಇಡೀ ಪುಸ್ತಕ ಅರೆದು ಕುಡಿದವರಂತೆ ಮಾತಾಡುವ ಮಹಾನುಭಾವರು ಅಲ್ಲಿದ್ದರು. ಎಷ್ಟನೇ ಪುಟದಿಂದಾಚೆ ಹಾಳೆ ಮಾಸಿಲ್ಲ ಎಂಬುದು ಹೊಲಿಯುವವನಿಗೆ ಗೊತ್ತಾಗದೆ ಇರುತ್ತದೆಯೇ? ತನಗೂ ಒಂದು ಕುರ್ಚಿ ಬೇಕೆಂದು ಎರಡು ಸಲ ಕೇಳಿದ್ದ. ಕೂಟದ ಹಿರಿಯರಾದ ನಿವೃತ್ತ ಹೆಡ್‌ಮಾಸ್ಟರು "ನೋಡೋಣ" ಎಂದಿದ್ದರು. ಆ ನೋಡೋಣಕ್ಕೆ ಮೂರು ವರ್ಷವಾಗಿತ್ತು.

ಈ ಶನಿವಾರ ಬೆಳಿಗ್ಗೆ, ತರಕಾರಿ ಬೆಳೆಯುವುದು ಹೇಗೆಂಬ ಹಳೆಯ ಪುಸ್ತಕವೊಂದು ಬೆನ್ನು ಕಿತ್ತುಕೊಂಡು ಅವನ ಮೇಜಿಗೆ ಬಂತು. ಹನ್ನೆರಡು ವರ್ಷದ ಹಿಂದೆ ಅವನೇ ಹೊಲಿದದ್ದು. ಬಿಚ್ಚಿ ನೋಡಿದರೆ, ಮೂಲಂಗಿಯ ಅಧ್ಯಾಯ ಮುಗಿದ ಮೇಲೆ ಒಬ್ಬ ಹೆಂಗಸು ಬಾಗಿಲಲ್ಲಿ ಅಳುತ್ತ ನಿಂತಿದ್ದಾಳೆ! ಬೇರೆ ಪುಸ್ತಕದ ಹದಿನಾರು ಪುಟಗಳ ಇಡೀ ಒಂದು ಕಟ್ಟು. ಗೋಂದಣ್ಣ ಹದಿನಾರು ಪುಟವನ್ನೂ ಕೂತಲ್ಲೇ ಓದಿ ಮುಗಿಸಿದ. ಈ ಪುಸ್ತಕದ ಜೊತೆಗೇ ಅಂದು ಹೊಲಿದಿದ್ದ ಕಾದಂಬರಿಯೊಂದರ ಕೊನೆಯ ಕಟ್ಟು ಅದು. ಕಾಣೆಯಾದ ಅಣ್ಣನನ್ನು ಹುಡುಕಿ ಊರೂರು ಅಲೆಯುವ ತಂಗಿಯ ಕಥೆ. ಲೈಬ್ರರಿಯಲ್ಲಿದ್ದ ಅದರ ಪ್ರತಿ 'ಅವಳು ಬಾಗಿಲು ತಟ್ಟಿದಳು' ಎಂಬಲ್ಲಿಗೇ ನಿಲ್ಲುತ್ತಿತ್ತು. ಇಷ್ಟು ವರ್ಷ ಯಾರೂ ದೂರಿರಲಿಲ್ಲ. ಮೂಲಂಗಿಯಿಂದಾಚೆ ಓದಿದವರಂತೂ ಯಾರೂ ಇರಲಿಲ್ಲ ಅನ್ನಿ.

ಗಪ್‌ಚಿಪ್ಪಾಗಿ ಸೇರಿಸಿ ಹೊಲಿದಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಹೆಡ್‌ಮಾಸ್ಟರು ಎರಡು ವಾರದಿಂದ ಓದುತ್ತಿದ್ದದ್ದು ಅದೇ ಕಾದಂಬರಿಯನ್ನು. ಅದರ ನಿಜವಾದ ಕೊನೆ ಈಗ ಗೊತ್ತಿದ್ದವನು ಇಡೀ ಲೈಬ್ರರಿಯಲ್ಲಿ ಗೋಂದಣ್ಣ ಒಬ್ಬನೇ. ಇವತ್ತಾದರೂ ತನ್ನ ಮಾತು ಕೇಳಲೇಬೇಕು ಎಂದುಕೊಂಡು, ಮಧ್ಯಾಹ್ನ ಕೂಟ ಶುರುವಾದ ಮೇಲೆ ಹಾಳೆ ಹಿಡಿದು ಹಾಲಿಗೆ ನುಗ್ಗಿದ.

"ಬಾಗಿಲು ತೆರೀತೋ ಇಲ್ವೋ ಅಂತ ಹೇಳದೇ ಬಿಟ್ಟಿದ್ದೇ ಇದರ ಹೆಚ್ಚುಗಾರಿಕೆ," ಎನ್ನುತ್ತಿದ್ದರು ಹೆಡ್‌ಮಾಸ್ಟರು. "ಸಾಧಾರಣ ಓದುಗರಿಗೆ ಇದು ದಕ್ಕೋದಲ್ಲ."

"ತೆರೆಯುತ್ತೆ ಸಾರ್," ಎಂದ ಗೋಂದಣ್ಣ. "ಅಣ್ಣನ ಹೆಂಡ್ತಿ ಬಂದು ತೆಗೀತಾಳೆ. ಅಣ್ಣ ತೀರ್ಕೊಂಡು ಒಂದು ವಾರ ಆಗಿರುತ್ತೆ. ತಪ್ಪು ನಂದೇ. ಕೊನೇ ಹದಿನಾರು ಪುಟ ಬೇರೆ ಪುಸ್ತಕಕ್ಕೆ ಸೇರಿಸಿ ಹೊಲಿದುಬಿಟ್ಟಿದ್ದೆ."

ಯಾರೋ ಕಿಸಕ್ಕೆಂದರು. ಹೆಡ್‌ಮಾಸ್ಟರು ಕೆಂಪಾಗಿ, ಹಾಳೆ ಕಿತ್ತುಕೊಂಡು ಒಂದೂವರೆ ಪುಟ ಓದಿ ಹಿಂದಕ್ಕೆ ಚಾಚಿದರು. "ಇದಿಲ್ಲದೇ ಇದ್ದರೇನೇ ಚೆನ್ನಾಗಿತ್ತು. ಸೇರಿಸೋದೇನೂ ಬೇಡ." ಸುತ್ತಲಿನ ತಲೆಗಳೆಲ್ಲ ಆಡಿದವು.

"ಅಲ್ಲ ಸಾರ್, ನನಗೇನನ್ನಿಸ್ತು ಅಂದ್ರೆ..."

"ನಿಮಗೆ ಹೊಲಿಗೆ ಗೊತ್ತು ಗೋಂದಣ್ಣ. ಸಾಹಿತ್ಯ ನಮಗೆ ಬಿಡಿ."

ಕೋಲು ಕೊಟ್ಟು ಪೆಟ್ಟು ತಿಂದ ಹಾಗಾಯಿತು. ಹಾಳೆಗಳನ್ನು ಚೀಲಕ್ಕೆ ತುರುಕಿ, ಸಂಜೆ ದಾರಿಯುದ್ದಕ್ಕೂ ಅವರನ್ನು ಬೈಯುತ್ತ ಮನೆಯ ಕಡೆ ನಡೆದ. ಅರ್ಧ ದಾರಿಯಲ್ಲಿ ಹೆಡ್‌ಮಾಸ್ಟರ ಆ ಕೊನೆಯ ಮಾತು ಅವನನ್ನು ತಡೆದು ನಿಲ್ಲಿಸಿತು. ಇದನ್ನು ಮೊದಲೂ ಎಲ್ಲೋ ಕೇಳಿದ್ದೇನಲ್ಲ?

ಕೇಳಿದ್ದಲ್ಲ, ಹೇಳಿದ್ದು. ಹನ್ನೆರಡು ವರ್ಷದ ಹಿಂದೆ ಇದೇ ಕಥೆಯನ್ನು ಊಟದ ಹೊತ್ತಿಗೆ ಹೆಂಡತಿಗೆ ಹೇಳಿ, ಬಾಗಿಲು ತಟ್ಟುವಲ್ಲಿಗೇ ನಿಂತ ಆ ಕೊನೆಯನ್ನು ಬಾಯ್ತುಂಬ ಹೊಗಳಿದ್ದ. "ಅಷ್ಟು ದೂರ ನಡೆಸಿಕೊಂಡು ಬಂದು ಬಾಗಿಲ ಹತ್ರ ನಿಲ್ಲಿಸ್ತಾರಾ ಯಾರಾದ್ರೂ? ಹಾಳೆ ಎಲ್ಲೋ ಬಿದ್ದಿರ್ಬೇಕು, ನೋಡು," ಎಂದಿದ್ದಳು. "ನಿನಗೆ ಇಸ್ತ್ರಿ ಗೊತ್ತು. ಸಾಹಿತ್ಯ ನನಗೆ ಬಿಡು," ಎಂದಿದ್ದ ಇವನು. ಅವಳು ಯಾವ ಕಥೆಗೂ ಬಾಯಿ ಬಿಡದಾಗಿದ್ದು ಅಂದಿನಿಂದಲೇ.

ಮನೆಯಲ್ಲಿ ಅವಳು ಕಾಲು ನೀವಿಕೊಳ್ಳುತ್ತ ಕೂತಿದ್ದಳು. ಗೋಂದಣ್ಣ ಹಾಳೆಗಳನ್ನು ಮುಂದಿಟ್ಟ. "ನೀನು ಹೇಳಿದ್ದೇ ಸರಿ ಕಣೆ. ಆ ಬಾಗಿಲು ತಟ್ಟಿದವಳ ಕಥೆ... ಹಾಳೆ ತಪ್ಪಿಹೋಗಿತ್ತು. ತಪ್ಪಿಸಿದ್ದು ನಾನೇ."

ಅವಳು ಹಾಳೆಗಳನ್ನು ಎಣಿಸಿ ಅವನ ಕೈಗೇ ವಾಪಸ್ ಕೊಟ್ಟಳು.

"ಓದು," ಎಂದಳು. "ಆದ್ರೆ ಬರೀ ಓದು. ಹೇಗಿದೆ ಅಂತ ಈ ಸಲ ನಾನು ಹೇಳ್ತೀನಿ."

ಗೋಂದಣ್ಣ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಓದತೊಡಗಿದ.